ಕೇಬಲ್ ಉಗ್ರಪ್ಪ ಗುದ್ದಲಿ ಮುಟ್ಟಲಿಲ್ಲ

ಉಗ್ರಪ್ಪನವರು ಎಂದೇ ಬರೆಯುತ್ತೇನೆ. ಆ ಕಾರ್ಖಾನೆಯಲ್ಲಿ ಅವರನ್ನು ಬಹುಕಾಲ ಯಾರೂ ಹಾಗೆ ಕರೆಯಲಿಲ್ಲ. ‘ಏ ಉಗ್ರಪ್ಪ’, ‘ಏ ಕೇಬಲ್’, ‘ಎಲ್ಲೋದ ಆ ವೈರಿನವನು?’ ಇವೇ ಅವರ ಹೆಸರುಗಳು. ಈಗ ಕಾರ್ಖಾನೆಯೂ ಇಲ್ಲ, ಹಾಗೆ ಕರೆದವರಲ್ಲಿ ಮುಕ್ಕಾಲು ಜನರೂ ಇಲ್ಲ. ಪೆನ್ನು ನನ್ನ ಕೈಯಲ್ಲಿದೆ. ನಾನು ಕರೆದಂತೆಯೇ ಆಗಲಿ.

ನನ್ನ ಹೆಸರು ಕಲ್ಯಾಣಮ್ಮ. ತವರು ಚಿತ್ರದುರ್ಗದ ಕಡೆ, ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದವಳು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪಂಪ್ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. 1984ರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಒಂದು, ಅದಕ್ಕೆ ಎಂಟು ಟರ್ಮಿನಲ್‌ಗಳು. ಟರ್ಮಿನಲ್ ಎಂದರೆ ಹಸಿರು ಅಕ್ಷರ ಮೂಡುವ ಪರದೆ ಒಂದು, ಕೀಬೋರ್ಡು ಒಂದು, ಅಷ್ಟೆ. ಬುದ್ಧಿಯೆಲ್ಲ ಪೆಟ್ಟಿಗೆಯ ಒಳಗೆ. ನನ್ನ ಬೆರಳು ಚೆನ್ನಾಗಿ ಓಡುತ್ತಿತ್ತು ಅಂತ ಟೈಪ್‌ರೈಟರ್ ಮುಂದಿನಿಂದ ಎಬ್ಬಿಸಿ ಟರ್ಮಿನಲ್ ಮುಂದೆ ಕೂರಿಸಿ ‘ಡೇಟಾ ಎಂಟ್ರಿ ಆಪರೇಟರ್’ ಎಂದರು. ನನ್ನ ಕಾಲು ಹೇಗಿದೆ ಎಂದು ಯಾರೂ ನೋಡಲಿಲ್ಲ.

ಉಗ್ರಪ್ಪನವರ ಕಾಲು ನೋಡಿದರು.

ಆಗಿನ ಕಾಲದಲ್ಲಿ ಕಂಪ್ಯೂಟರ್ ರೂಮಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಧೂಳು ಹೋದರೆ ಮಷೀನು ಕೆಡುತ್ತದೆ ಅಂತ. ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡು, ಒಳಗೆ ನುಣ್ಣನೆಯ ನೆಲ, ಏಸಿಯ ತಣ್ಣನೆ ಗಾಳಿ. ಉಗ್ರಪ್ಪನವರು ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ನಿನ ವೈರ್‌ಮನ್. ಇಂಟರ್‌ಕಾಂ, ಟೆಲಿಫೋನು, ಕರೆಗಂಟೆ, ಆ ಕಾಂಪೌಂಡಿನಲ್ಲಿ ನೆಲದಡಿ ಓಡುವ ತಂತಿಯೆಲ್ಲ ಅವರು ಎಳೆದದ್ದು. ಟರ್ಮಿನಲ್‌ಗಳಿಗೆ ಕೇಬಲ್ ಹಾಕಲು ಅವರನ್ನೇ ಕರೆಸಿದರು. ಅವರು ಎಲ್ಲರಂತೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಹಿಮ್ಮಡಿಯ ತುಂಬ ಬಿರುಕು, ಬಿರುಕಿನಲ್ಲಿ ಕೇಬಲ್ ಹೂಳಲು ತೋಡುವ ಟ್ರೆಂಚಿನ ಕೆಮ್ಮಣ್ಣು. ಎಷ್ಟು ಉಜ್ಜಿದರೂ ಹೋಗದ ಮಣ್ಣು ಅದು.

"ಏಯ್, ನಿಲ್ಲು ನಿಲ್ಲು!" ಎಂದರು ಮ್ಯಾನೇಜರ್ ಶಂಭುಲಿಂಗಪ್ಪ. "ಯಾರಾದ್ರೂ ಪೇಪರ್ ಹಾಸ್ರಿ. ಏ ಉಗ್ರಪ್ಪ, ಪೇಪರ್ ಮ್ಯಾಲೆ ನಡಿ."

ಹಳೆಯ ದಿನಪತ್ರಿಕೆ ಹಾಸಿದರು. ಬಾಗಿಲಿನಿಂದ ಮೂಲೆಯವರೆಗೆ ಒಂದೊಂದೇ ಹಾಳೆ. ಉಗ್ರಪ್ಪನವರು ಅದರ ಮೇಲೆ ನಡೆದರು. ಮಾರನೆಯ ದಿನದಿಂದ ಮನೆಯಿಂದಲೇ ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದರು, ತಾವೇ ಹಾಸಿಕೊಂಡು ನಡೆದರು. ಅವರಿಗೆ ಸಿಟ್ಟು ಬಂತೋ ಇಲ್ಲವೋ, ನನಗಂತೂ ಮೈ ಉರಿಯಿತು.

ಶಂಭುಲಿಂಗಪ್ಪ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ದಾವಣಗೆರೆಯವರು, ಒಂದು ರೀತಿಯಲ್ಲಿ ನಮ್ಮ ಕಡೆಯವರೇ. ಒಳ್ಳೆಯ ಓದು, ಒಳ್ಳೆಯ ಇಂಗ್ಲಿಷು. ಬಸವ ಜಯಂತಿಗೆ ಬಡಾವಣೆಯ ಪೆಂಡಾಲಿನಲ್ಲಿ ಕಾಯಕದ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು. ನಾನು ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೇನೆ. ಆ ಭಾಷಣಕ್ಕೂ ಈ ಪೇಪರಿಗೂ ಏನು ಸಂಬಂಧ ಎಂದು ಆಮೇಲೆ ಕೇಳೋಣವೆಂದುಕೊಂಡಿದ್ದೆ, ಕೇಳಲು ಧೈರ್ಯವಾಗಲಿಲ್ಲ. ನನ್ನ ಹೇಡಿತನಕ್ಕೆ ಇಷ್ಟು ಬೆಂಕಿ ಹಾಕ.

ಆ ರೂಮಿನ ನೆಲ ಹಲಗೆಗಳದ್ದು. ಹಲಗೆ ಎತ್ತಿದರೆ ಕೆಳಗೆ ಮೊಳದಷ್ಟು ಜಾಗ, ಕೇಬಲ್‌ಗಳೆಲ್ಲ ಅಲ್ಲಿ. ಒಂದು ಮಧ್ಯಾಹ್ನ ನಾನು ಕೆಲಸ ಮಾಡುತ್ತ ಕೂತಿದ್ದೇನೆ, ನನ್ನ ಕಾಲಡಿಯಿಂದ ಒಂದು ದನಿ ಬಂತು.

"ಮೇಡಂ, ಈಗ ಏನೋ ಒತ್ತಿದ್ರಲ್ಲ, ಅದಕ್ಕೆ ಮಷೀನು ಏನಂತು?"

ಅಯ್ಯೋ ಶಿವನೇ ಎಂದು ಕಿರುಚಿಯೇಬಿಟ್ಟೆ. ನೋಡಿದರೆ ಎರಡು ಹಲಗೆ ಎತ್ತಿ, ಒಳಗೆ ತಲೆ ತೂರಿಸಿ, ಉಗ್ರಪ್ಪನವರು ಮಲಗಿದ್ದಾರೆ.

"ಏನೂ ಅನ್ನಲಿಲ್ಲ ಕಣ್ರೀ! ಹೀಗಾ ಹೆದರಿಸೋದು?"

"ಅಂದಿರ್ಬೇಕು ಮೇಡಂ. ನೀವು ಒತ್ತಿದ್ದು ಈ ತಂತೀಲಿ ಹೋಯ್ತು, ಏನೋ ಒಂದು ವಾಪಸ್ ಬಂತು. ಏನು ಹೋಯ್ತು, ಏನು ಬಂತು ಅಂತ ನಂಗೆ ಗೊತ್ತಾಗ್ಬೇಕು. ಹನ್ನೆರಡು ವರ್ಷದಿಂದ ತಂತಿ ಎಳೀತಾ ಇದೀನಿ. ಮಾತಾಡೋರು ಯಾವಾಗ್ಲೂ ಬೇರೆಯವ್ರು."

ಆ ಮಾತು ನನಗೆ ನಾಟಿತು. ಪರದೆಯಲ್ಲಿ ಏನು ಬಂದಿದೆಯೋ ಓದಿ ಹೇಳಿದೆ. ಅದರ ಅರ್ಥ ಕೇಳಿದರು. ನನಗೂ ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು ಅವರೇ ಬಂದು ನನಗೆ ಹೇಳಿದರು.

ಹೇಗೆ ತಿಳಿಯಿತು ಅಂದರೆ, ಭಾಷ್ಯಂ ಸರ್ಕಲ್ ಹತ್ತಿರ ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಕಂಪ್ಯೂಟರ್ ತರಗತಿ ಶುರುವಾಗಿತ್ತು. ಅಲ್ಲಿ ಸೇರಿಬಿಟ್ಟಿದ್ದರು ಮಹಾರಾಯರು! ವಯಸ್ಸು ಮೂವತ್ತಮೂರು, ಓದು ಎಸ್ಸೆಸ್ಸೆಲ್ಸಿ, ಮೇಲೆ ಐ.ಟಿ.ಐ. ಮನೆ ಹಳೇ ಕೆಂಗೇರಿಯಲ್ಲಿ. ಬೆಳಿಗ್ಗೆ ಸೈಕಲ್ ಹತ್ತಿದರೆ ಮೈಸೂರು ರಸ್ತೆ ಹಿಡಿದು ವಿಜಯನಗರದ ಮೇಲೆ ರಾಜಾಜಿನಗರ, ದಿನವಿಡೀ ಕೇಬಲ್, ಸಂಜೆ ತರಗತಿ, ಮತ್ತೆ ಅದೇ ದಾರಿ. ತರಗತಿಯಲ್ಲಿ ಇಪ್ಪತ್ತು ಜನಕ್ಕೆ ಎರಡೇ ಮಷೀನು, ತಲೆಗೆ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಯಾರು ಏನು ಕಲಿಯುತ್ತಾರೆ?

"ನನ್ನ ಟರ್ಮಿನಲ್ಲಲ್ಲಿ ಕೂತ್ಕೊಳ್ಳಿ, ಊಟದ ಹೊತ್ತಲ್ಲಿ" ಎಂದೆ. ಯೋಚಿಸದೇ ಬಾಯಿಂದ ಬಂದ ಮಾತು. ಆದರೆ ಬಂದದ್ದು ಬಂತು.

ಶಂಭುಲಿಂಗಪ್ಪನವರು ಊಟಕ್ಕೆ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದರು. ಅವರ ಸ್ಕೂಟರ್ ಗೇಟು ದಾಟಿದ್ದೇ ಉಗ್ರಪ್ಪನವರು ಪೇಪರ್ ಹಾಸಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತ ಕಾವಲು. ಒಂದೂವರೆ ವರ್ಷ ನಾನು ಊಟ ಮಾಡಿದ್ದು ಚಪ್ಪಲಿಗಳ ಜೊತೆಯಲ್ಲೇ. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಕಂಪ್ಯೂಟರ್ ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ‘ಮೂವ್’, ‘ಪರ್ಫಾರ್ಮ್’, ‘ಸ್ಟಾಪ್ ರನ್’. ಪಕ್ಕದಲ್ಲಿ ಅದರ ಕೆಲಸವೇನು ಎಂದು ಕನ್ನಡದಲ್ಲಿ. ಆ ನೋಟ್‌ಬುಕ್ ಓದಿಯೇ ನಾನೂ ಅಷ್ಟಿಷ್ಟು ಕಲಿತೆ.

ಒಂದು ದಿನ ಸ್ಕೂಟರ್ ಪಂಕ್ಚರ್ ಆಗಿ ಶಂಭುಲಿಂಗಪ್ಪ ಅರ್ಧ ದಾರಿಯಿಂದ ನಡೆದುಕೊಂಡು ವಾಪಸ್ ಬಂದರು. ನನ್ನ ಬಾಯಲ್ಲಿ ರೊಟ್ಟಿ. ಕೂಗಲೂ ಆಗಲಿಲ್ಲ.

"ಏನೋ ಇದು? ಯಾರು ನಿನ್ನ ಕೂರಿಸಿದ್ದು ಇಲ್ಲಿ?"

"ನಾನೇ ಕೂತೆ ಸಾರ್" ಎಂದರು ಉಗ್ರಪ್ಪನವರು, ಎದ್ದು ನಿಂತು.

"ನಾನೇ ಕೂರಿಸಿದ್ದು ಸಾರ್" ಎಂದೆ, ರೊಟ್ಟಿ ನುಂಗಿ.

ಮ್ಯಾನೇಜರ್ ನಮ್ಮಿಬ್ಬರನ್ನೂ ನೋಡಿದರು. ನೋಟ್‌ಬುಕ್ ಎತ್ತಿ ಪುಟ ತಿರುವಿದರು, ನಗು ತಡೆಯಲಾಗಲಿಲ್ಲ. "ಕನ್ನಡದಾಗೆ ಕಂಪ್ಯೂಟರ್ರು! ಇದನ್ನ ಮಷೀನ್ ಓದುತ್ತೇನೋ?"

"ಮಷೀನಿಗೆ ಇಂಗ್ಲಿಷಲ್ಲೇ ಹೊಡೀತೀನಿ ಸಾರ್. ಪುಸ್ತಕ ನಂಗೆ."

ಶಂಭುಲಿಂಗಪ್ಪ ನಕ್ಕು ಸುಮ್ಮನಾದರು. ಬಯ್ಯಬೇಕಾದವರು ಬಯ್ಯಲಿಲ್ಲ. ಆಗ ಅದನ್ನು ದೊಡ್ಡ ಮನಸ್ಸು ಎಂದುಕೊಂಡೆ. ಈಗ ಯೋಚಿಸಿದರೆ ಗೊತ್ತಾಗುತ್ತದೆ, ಇವನಿಂದ ಏನಾದೀತು ಎಂಬ ಧೈರ್ಯ ಅದು.

1986ರ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿತು. ಕಂಪ್ಯೂಟರ್ ವಿಭಾಗಕ್ಕೆ ಜೂನಿಯರ್ ಪ್ರೋಗ್ರಾಮರ್ ಬೇಕು, ಒಳಗಿನವರೇ ಅರ್ಜಿ ಹಾಕಬಹುದು, ಎಸ್ಸೆಸ್ಸೆಲ್ಸಿ ಮತ್ತು ಕಂಪ್ಯೂಟರ್ ಸರ್ಟಿಫಿಕೇಟ್ ಇರಬೇಕು. ಉಗ್ರಪ್ಪನವರ ಹತ್ತಿರ ಎರಡೂ ಇದ್ದವು. ಆರು ಜನ ಪರೀಕ್ಷೆ ಬರೆದರು. ಉತ್ತರ ಪತ್ರಿಕೆ ತಿದ್ದಿದ್ದು ಹೊರಗಿನಿಂದ ಬಂದಿದ್ದ ಎಂಜಿನಿಯರ್. ಹೆಸರು ನೋಡಲಿಲ್ಲ, ನಂಬರ್ ನೋಡಿದರು. ಮೊದಲ ಸ್ಥಾನ ವೈರ್‌ಮನ್ ಉಗ್ರಪ್ಪನವರಿಗೆ.

ಆ ದಿನ ಎಲೆಕ್ಟ್ರಿಕಲ್ ಸೆಕ್ಷನ್ನಿನವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಶಂಭುಲಿಂಗಪ್ಪನವರ ಮುಖ ಮಾತ್ರ ಬಾಡಿತ್ತು. ಅವರು ಒಂದು ಷರತ್ತು ಹಾಕಿಸಿದರು. ಫೆಬ್ರವರಿ ಒಂದರಿಂದ ಏಪ್ರಿಲ್ ಮೂವತ್ತರವರೆಗೆ ಟ್ರಯಲ್. ಕೊನೆಗೆ ಮ್ಯಾನೇಜರ್ ರಿಪೋರ್ಟ್ ಬರೆಯುತ್ತಾರೆ. ಚೆನ್ನಾಗಿದ್ದರೆ ಕುರ್ಚಿ ಖಾಯಂ, ಇಲ್ಲದಿದ್ದರೆ ವಾಪಸ್ ಟ್ರೆಂಚು.

ನನ್ನ ಪಕ್ಕದ ಕುರ್ಚಿ ಅದು. ಮೊದಲ ದಿನ ಉಗ್ರಪ್ಪನವರು ಕೂರುವ ಮುಂಚೆ ಅದರ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಪೇಪರ್ ಹಾಸಿರಲಿಲ್ಲ. ಹಿಂದಿನ ಒಂದು ತಿಂಗಳು ದಿನಾ ಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡಿದ್ದರಂತೆ, ಅವರ ಹೆಂಡತಿ ಇಂದ್ರಮ್ಮ ಆಮೇಲೆ ಹೇಳಿದಳು.

ಒಂದೂವರೆ ತಿಂಗಳು ಎಲ್ಲ ಸರಿಯಿತ್ತು. ಮಾರ್ಚ್ ಮಧ್ಯದಲ್ಲಿ ಕಂಪ್ಯೂಟರಿಗೆ ಹುಚ್ಚು ಹಿಡಿಯಿತು. ಕೆಲಸ ಮಾಡುತ್ತಿದ್ದಂತೆ ಪರದೆಯ ತುಂಬ ಚಿತ್ರವಿಚಿತ್ರ ಅಕ್ಷರಗಳು, ಆಮೇಲೆ ಎಲ್ಲ ನಿಂತುಹೋಗುವುದು. ಬೆಳಗಿಂದ ಹೊಡೆದದ್ದೆಲ್ಲ ಗೋವಿಂದ. ಮೊದಲು ಗೊತ್ತಾಗಿದ್ದು ಸ್ಟೋರ್ಸಿನಲ್ಲಿ. ಅಲ್ಲಿಯ ಕೇಬಲ್ ಕಾಂಪೌಂಡಿನ ಆ ತುದಿಯವರೆಗೆ ಹೋಗಬೇಕು, ಎಲ್ಲಕ್ಕಿಂತ ಉದ್ದದ ಕೇಬಲ್ ಅದು.

ಶಂಭುಲಿಂಗಪ್ಪ ಕುರ್ಚಿಯ ಹಿಂದೆ ಬಂದು ನಿಂತರು. "ಸ್ಟೋರ್ಸ್ ಲೈನ್ ಹಾಕಿದ್ದು ಯಾರು?"

"ನಾನೇ ಸಾರ್."

"ಕಾಣ್ತಾ ಐತಲ್ಲ. ಹೋಗು, ಅದನ್ನ ಪೂರ್ತಿ ಕಿತ್ತು ಹೊಸಾದು ಎಳಿ. ಅದು ಸರಿಹೋಗೋ ತನಕ ನಿನಗೆ ಈ ಕುರ್ಚಿ ಕೆಲಸ ಬ್ಯಾಡ."

ಉಗ್ರಪ್ಪನವರು ಏಳಲಿಲ್ಲ. "ಕೇಬಲ್ ಚೆನ್ನಾಗಿದೆ ಸಾರ್. ನಾನು ಕೀಳಲ್ಲ."

ಶಂಭುಲಿಂಗಪ್ಪನವರ ಕಿವಿ ಕೆಂಪಾಯಿತು. "ಸರಿ. ಏಪ್ರಿಲ್ ಮೂವತ್ತಕ್ಕೆ ರಿಪೋರ್ಟ್ ಬರೀಬೇಕಲ್ಲ, ಬರೀತೀನಿ. ಅಲ್ಲೀತನಕ ಸುಮ್ನೆ ಕೂತಿರು. ಕೀಬೋರ್ಡ್ ಮುಟ್ಟಬ್ಯಾಡ" ಎಂದು ಹೊರಟುಹೋದರು.

ಅವರು ಅತ್ತ ಹೋದದ್ದೇ ಉಗ್ರಪ್ಪನವರಿಗೆ ಬಯ್ದವಳು ನಾನು. "ನಿಮಗೇನು ತಲೆ ಕೆಟ್ಟಿದೆಯಾ? ಎರಡು ದಿನದ ಕೆಲಸ! ಎಳೆದು ಬಿಸಾಕಿ ಬಂದು ಕೂತ್ಕೊಳ್ಳೋದು ಬಿಟ್ಟು ಇದೆಂಥಾ ಹಟ? ಇಷ್ಟು ದೂರ ಬಂದು ಎಲ್ಲಕ್ಕೂ ಎಳ್ಳುನೀರು ಬಿಡ್ತೀರಾ?"

ಅವರು ಮೆಲ್ಲಗೆ ಹೇಳಿದರು: "ಕಲ್ಯಾಣಮ್ಮೋರೆ, ಕೇಬಲ್ ಕೆಟ್ಟಿದ್ರೆ ಈಗ್ಲೇ ಎದ್ದು ಹೋಗ್ತಿದ್ದೆ. ಕೆಟ್ಟಿಲ್ಲ. ಕೆಡದೇ ಇರೋದನ್ನ ಕಿತ್ರೆ, ತಪ್ಪು ನಂದು ಅಂತ ನಾನೇ ಒಪ್ಕೊಂಡಂಗೆ. ಇನ್ನೊಂದು ಏನು ಗೊತ್ತಾ? ಒಂದ್ಸಲ ಇಲ್ಲಿಂದ ಎದ್ದು ಟ್ರೆಂಚಿಗೆ ಇಳಿದ್ರೆ ಮತ್ತೆ ಹತ್ತೋಕೆ ಬಿಡಲ್ಲ. ಬಯ್ದು ಅಲ್ಲ, ಹೊಗಳಿ! ‘ಕೇಬಲ್ ಅಂದ್ರೆ ಉಗ್ರಪ್ಪನೇ ಸರಿ, ಅವನ ಹಂಗೆ ಯಾರಿಗೂ ಬರಲ್ಲ’ ಅಂತ ಹೊಗಳಿ ಹೊಗಳಿ ಅಲ್ಲೇ ಕೂರಿಸ್ತಾರೆ."

ಅವರು ಹೇಳಿದ್ದು ಸತ್ಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ಕಲ್ಯಾಣಮ್ಮನ ಬೆರಳೇ ಬೆರಳು’ ಎಂದು ಹೊಗಳಿಸಿಕೊಂಡು ಹೊಗಳಿಸಿಕೊಂಡು ನಾನು ಮೂರು ವರ್ಷದಿಂದ ಬರೀ ಬೆರಳಾಗಿದ್ದೆ.

ಯುಗಾದಿ ಕಳೆದ ಭಾನುವಾರ ಅವರ ಮನೆಗೆ ಹೋದೆ. ಕೆಂಗೇರಿಯಲ್ಲಿ ಸ್ಟೇಷನ್ ರಸ್ತೆಯ ಹಿಂದೆ ಎರಡು ಅಂಕಣದ ಹೆಂಚಿನ ಮನೆ. ಉಗ್ರಪ್ಪನವರು ಎಲ್ಲೋ ಹೋಗಿದ್ದರು. ನಾನು ಇಂದ್ರಮ್ಮನ ಹತ್ತಿರ, "ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ, ಅವರ ರಿಪೋರ್ಟು ಹಾಳಾಗುತ್ತೆ" ಎಂದೆ. ಆಕೆ ಒಬ್ಬಟ್ಟಿನ ತಟ್ಟೆ ನನ್ನ ಮುಂದಿಟ್ಟು ಹೇಳಿದಳು: "ಹಾಳಾದ್ರೆ ಆಗ್ಲಿ ಬಿಡಿ ಅಕ್ಕ. ಹಳೇ ಕೆಲ್ಸ ಎಲ್ಲೂ ಓಡೋಗಲ್ಲ. ಮಾಡದಿರೋ ತಪ್ಪನ್ನ ಒಪ್ಕೊಂಡು ತಲೆ ತಗ್ಗಿಸ್ಕೊಂಡು ಬಂದ್ರೆ ಮಾತ್ರ ನಾನು ಊಟಕ್ಕಿಡಲ್ಲ, ಹೇಳಿದೀನಿ." ಆ ಮೇಲೆ ನಾನು ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಒಬ್ಬಟ್ಟು ತಿಂದು ಬಂದೆ.

ಸುಮ್ಮನೆ ಕೂತಿರು ಎಂದಿದ್ದರಲ್ಲ, ಉಗ್ರಪ್ಪನವರು ಸುಮ್ಮನೇ ಕೂತರು. ಆದರೆ ಮುಂದೆ ಆ ನೋಟ್‌ಬುಕ್ ಬಿಚ್ಚಿಟ್ಟುಕೊಂಡರು. ಪರದೆ ಕೆಟ್ಟಾಗಲೆಲ್ಲ ಗಡಿಯಾರ ನೋಡಿ ಬರೆಯುವುದು. ಎಂಟೂ ಕಡೆ ಇಂಟರ್‌ಕಾಂ ಮಾಡಿ, "ಈಗ ನಿಮ್ಮದು ಹೇಗಿದೆ?" ಎಂದು ಕೇಳಿ ಬರೆಯುವುದು. ಕೀಬೋರ್ಡ್ ಮುಟ್ಟಬೇಡ ಎಂದಿದ್ದರೇ ಹೊರತು ಫೋನು ಮುಟ್ಟಬೇಡ ಎಂದಿರಲಿಲ್ಲ. ಬರೆದದ್ದನ್ನೆಲ್ಲ ಊಟದ ಹೊತ್ತಿನಲ್ಲಿ ನನ್ನ ಟರ್ಮಿನಲ್ಲಿಗೆ ತುಂಬಿದರು. ನಾನು ಮತ್ತೆ ಚಪ್ಪಲಿ ಪಕ್ಕ, ರೊಟ್ಟಿ ಹಿಡಿದು ಕಾವಲು. ಯಾವ ಟರ್ಮಿನಲ್, ಯಾವ ದಿನ, ಎಷ್ಟು ಗಂಟೆಗೆ ಕೆಟ್ಟಿತು ಎಂದು ಜೋಡಿಸಿ ಅಚ್ಚು ಹಾಕುವ ಒಂದು ಪ್ರೋಗ್ರಾಮ್ ಬರೆದರು. ನಿಜವಾದ ಕೆಲಸಕ್ಕೆ ಅವರು ಬರೆದ ಮೊದಲ ಪ್ರೋಗ್ರಾಮ್ ಅದೇ. ಮೂರು ಸಲ ತಪ್ಪಾಯಿತು, ನಾಲ್ಕನೆಯ ಸಲ ಪ್ರಿಂಟರ್ ಕರಕರ ಎಂದು ಹಾಳೆ ಹೊರಗೆ ಹಾಕಿತು.

ಏಪ್ರಿಲ್ ಇಪ್ಪತ್ತೆಂಟು, ಮಂಗಳವಾರ. ಎಂ.ಡಿ.ಯವರಿಗೆ ಸಂಜೆ ಐದು ಗಂಟೆಯೊಳಗೆ ಪೂರ್ತಿ ಸ್ಟಾಕಿನ ಪಟ್ಟಿ ಬೇಕಿತ್ತು, ಮದರಾಸಿನಿಂದ ದೊಡ್ಡ ಗಿರಾಕಿಗಳು ಬಂದು ಕೂತಿದ್ದರು. ಮಧ್ಯಾಹ್ನ ಒಂದಕ್ಕೆ ಪರದೆಗಳು ಕೆಟ್ಟವು. ಸರಿಮಾಡಿದರೆ ಮತ್ತೆ ಕೆಡುವುದು. ಎರಡಕ್ಕೆ ಎಂ.ಡಿ.ಯ ಫೋನು, ಎರಡೂವರೆಗೆ ಇನ್ನೊಂದು. ಶಂಭುಲಿಂಗಪ್ಪ ಏಸಿಯಲ್ಲೂ ಬೆವರಿದರು.

ಉಗ್ರಪ್ಪನವರು ಎದ್ದು ಹೋಗಿ ಅವರ ಮೇಜಿನ ಮೇಲೆ ಹಾಳೆ ಹಾಸಿದರು.

"ಸಾರ್, ಒಂದ್ನಿಮಿಷ ಇದನ್ನ ನೋಡಿ. ಕೆಟ್ಟಾಗೆಲ್ಲ ಎಂಟೂ ಒಟ್ಟಿಗೆ ಕೆಟ್ಟಿದೆ. ಈ ಎಂಟನೇದು ಮಷೀನ್ ಪಕ್ಕದಲ್ಲೇ ಇರೋ ಟರ್ಮಿನಲ್ಲು, ಅದರ ಕೇಬಲ್ ನನ್ನ ತೋಳಿನಷ್ಟೂ ಇಲ್ಲ. ಸ್ಟೋರ್ಸ್ ಕೇಬಲ್ ಕೆಟ್ಟಿದ್ರೆ ಇದ್ಯಾಕೆ ಸಾರ್ ಕೆಡ್ಬೇಕು? ಇನ್ನೊಂದು, ಬೆಳಿಗ್ಗೆ ಯಾವತ್ತೂ ಕೆಡಲ್ಲ, ಬಿಸಿಲೇರಿದ ಮೇಲೇ. ಇನ್ನೊಂದು, ಇಲ್ಲಿ ನೋಡಿ, ಈ ಎರಡು ದಿನ ಸೊನ್ನೆ. ಒಂದ್ಸಲಾನೂ ಕೆಟ್ಟಿಲ್ಲ."

"ಯಾಕೆ?"

"ಹಿಂದಿನ ರಾತ್ರಿ ಮಳೆ ಬಂದಿತ್ತು ಸಾರ್. ಅರ್ಥ್ ಪಿಟ್ ಒಣಗಿದೆ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಪ್ಯೂಟರಿಗೆಂದೇ ಕಟ್ಟಡದ ಹಿಂದೆ ಆಳದ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಲು, ಉಪ್ಪು ತುಂಬಿದ್ದರು. ಮಷೀನಿನ ಬೇಡದ ಕರೆಂಟು ಅಲ್ಲಿ ಭೂಮಿಗೆ ಇಳಿಯಬೇಕು. ಇಳಿಯಬೇಕಾದರೆ ಆ ಮಣ್ಣು ಯಾವಾಗಲೂ ಒದ್ದೆಯಿರಬೇಕು. ಅದಕ್ಕೆ ಒಂದು ಕೊಳವೆ ಬಿಟ್ಟು ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿದ್ದರು. ಬೇಸಿಗೆಯಲ್ಲಿ ದಿನಕ್ಕೊಂದು ಬಕೆಟ್ ನೀರು ಅದರ ಬಾಯಿಗೆ ಹುಯ್ಯಬೇಕು. ಮೂರು ವರ್ಷ ಉಗ್ರಪ್ಪನವರೇ ಹುಯ್ದಿದ್ದರು. ಒಳಗೆ ಬಂದು ಕೂತ ಮೇಲೆ ಆ ಕೆಲಸವನ್ನು ಮಾಲಿ ಕೆಂಪಯ್ಯನಿಗೆ ಒಪ್ಪಿಸಿದ್ದರು.

ಎಲ್ಲರೂ ಹಿಂದುಗಡೆಗೆ ಓಡಿದೆವು. ಕಾಲಿಗೆ ಚಪ್ಪಲಿ ಹಾಕುವಷ್ಟು ವ್ಯವಧಾನ ಯಾರಿಗಿತ್ತು? ಶಂಭುಲಿಂಗಪ್ಪನವರು ಬರೀ ಕಾಲುಚೀಲದಲ್ಲೇ ಬಂದರು. ಅಲ್ಲಿ ನೋಡಿದರೆ ಅರ್ಥ್ ಪಿಟ್ಟೇ ಇಲ್ಲ! ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದ, ಅಂದವಾದ ಒಂದು ತುಳಸಿ ಕಟ್ಟೆ. ಸೊಂಪಾದ ತುಳಸಿ. ಬುಡದಲ್ಲಿ ಅರಿಶಿನ ಕುಂಕುಮ.

"ಕೆಂಪಯ್ಯಣ್ಣ, ಇದೇನು?" ಎಂದರು ಉಗ್ರಪ್ಪನವರು.

ಅರವತ್ತರ ಹತ್ತಿರದ ಕೆಂಪಯ್ಯ ಗಾಬರಿಯಿಂದ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. "ನೀನೇ ಅಲ್ವೇನಪ್ಪ ದಿನಾ ತಪ್ಪಿಸದಂಗೆ ನೀರು ಹುಯ್ಯಿ ಅಂದಿದ್ದು? ದಿನಾ ನೀರು ಹುಯ್ಯೋ ಜಾಗ ಸುಮ್ನೆ ಯಾಕೆ ಖಾಲಿ ಬಿದ್ದಿರ್ಬೇಕು ಅಂತ ಮಣ್ಣು ತುಂಬಿ ತುಳಸಿ ಇಟ್ಟೆ. ಬಕೆಟ್ ಹುಯ್ದ್ರೆ ಬೇರು ಕೊಳೆತೋಗುತ್ತೆ. ಅದ್ಕೆ ಒಂದು ಚೊಂಬು ಹುಯ್ತೀನಿ, ಸ್ನಾನ ಮಾಡ್ಕೊಂಡೇ ಹುಯ್ತೀನಿ. ಸಾಹೇಬ್ರೂ ದಿನಾ ಇಲ್ಲೇ ಗಾಡಿ ನಿಲ್ಲಿಸಿ ಕೈಮುಗೀತಾರಲ್ಲ!"

ಶಂಭುಲಿಂಗಪ್ಪ ಬೆಪ್ಪಾದರು. ನಿಜ, ದಿನಾ ಬೆಳಿಗ್ಗೆ ಸ್ಕೂಟರ್ ಸ್ಟ್ಯಾಂಡ್ ಹಾಕಿ ಆ ಕಟ್ಟೆಗೆ ಕೈಮುಗಿದೇ ಅವರು ಒಳಗೆ ಬರುತ್ತಿದ್ದದ್ದು. ನನಗೆ ನಗು ಉಕ್ಕಿ ಬಂತು, ಸೆರಗು ಬಾಯಿಗಿಟ್ಟುಕೊಂಡೆ.

ಉಗ್ರಪ್ಪನವರು ನಗಲಿಲ್ಲ. "ತಪ್ಪು ನಂದೂ ಇದೆ" ಎಂದರು. "ನೀರು ಹುಯ್ಯಿ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ನಂಗೆ ಯಾರೂ ಯಾಕೆ ಅಂತ ಹೇಳ್ತಿರ್ಲಿಲ್ಲ, ನಾನೂ ಹಂಗೇ ಮಾಡಿದೆ."

ಕೆಂಪಯ್ಯ ತುಳಸಿಗೆ ಕೈಮುಗಿದು, ಬುಡದ ಮಣ್ಣಿನ ಸಮೇತ ಗಿಡವನ್ನು ಎತ್ತಿ ಒಂದು ಡಬ್ಬದಲ್ಲಿ ಇಟ್ಟ. ಇನ್ನು ಮೇಲಿನ ಮಣ್ಣು ತೆಗೆದು ಕೊಳವೆಯ ಬಾಯಿ ಬಿಡಿಸಬೇಕು. ಗಂಟೆ ಮೂರು ದಾಟಿತ್ತು. ಶಂಭುಲಿಂಗಪ್ಪ ಗುದ್ದಲಿ ಎತ್ತಿ ಉಗ್ರಪ್ಪನವರ ಕಡೆ ಚಾಚಿದರು.

"ಹಿಡಿ, ತೋಡು. ನೀನೇ ಮಾಡಿದ ಗುಂಡಿ. ಬೇಗ!"

ಉಗ್ರಪ್ಪನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಹದಿನಾಲ್ಕು ವರ್ಷ ಯಾರು ಗುದ್ದಲಿ ಚಾಚಿದರೂ ಹಿಡಿದ ಕೈ ಅದು.

"ಮುಟ್ಟಲ್ಲ ಸಾರ್."

"ಏನಂದಿ?"

"ತಪ್ಪು ಎಲ್ಲಿದೆ ಅಂತ ಕಂಡುಹಿಡಿಯೋದು ಪ್ರೋಗ್ರಾಮರ್ ಕೆಲಸ. ಕಂಡುಹಿಡಿದಿದೀನಿ. ಈ ಗುದ್ದಲಿ ಹಿಡಿದ್ರೆ ನಾಡಿದ್ದು ರಿಪೋರ್ಟಲ್ಲಿ ನೀವು ಏನು ಬರೀತೀರಿ ಅಂತ ನಂಗೆ ಗೊತ್ತು. ವೈರ್‌ಮನ್ ಚೆನ್ನಾಗಿ ಗುಂಡಿ ತೋಡಿದ ಅಂತ. ಇವತ್ತು ಒಂದು ದಿನ ನಾನು ಮುಟ್ಟಲ್ಲ. ಕ್ಷಮಿಸಿ ಕೆಂಪಯ್ಯಣ್ಣ."

"ಅಯ್ಯೋ, ನಾನು ತುಂಬಿದ ಮಣ್ಣು, ನಾನೇ ತೆಗೀತೀನಿ ಕಣಪ್ಪ. ಇದೇನು ದೊಡ್ಡದು" ಎಂದು ಕೆಂಪಯ್ಯ ಗುದ್ದಲಿ ಇಸಿದುಕೊಂಡ. "ನೀರು ಯಾರಾದ್ರೂ ತನ್ನಿ ಅಷ್ಟೇ."

ಆಫೀಸಿನ ಕಿಟಕಿಯಿಂದ ಯಾರೋ ಕೂಗಿದರು, "ಶಂಭುಲಿಂಗಪ್ಪ ಸಾರ್, ಎಂ.ಡಿ. ಲೈನಲ್ಲಿದಾರೆ!"

ನಾನು ಬಕೆಟ್ ಎತ್ತಲು ಹೋದೆ. ಉಗ್ರಪ್ಪನವರು ಬೇಡ ಎನ್ನುವಂತೆ ನನ್ನತ್ತ ಒಂದು ನೋಟ ನೋಡಿದರು, ಅಷ್ಟೆ. ನಾನು ಅಲ್ಲೇ ನಿಂತೆ. ಬಕೆಟ್ ಕಟ್ಟೆಯ ಪಕ್ಕ ಖಾಲಿ ಬಿದ್ದಿತ್ತು. ಅದನ್ನು ಎತ್ತುವವರು ಅಲ್ಲಿ ಇನ್ನೊಬ್ಬರೇ ಉಳಿದಿದ್ದರು. ಶಂಭುಲಿಂಗಪ್ಪನವರು ನಮ್ಮನ್ನು ನೋಡಿದರು, ಕಿಟಕಿ ನೋಡಿದರು, ಪ್ಯಾಂಟು ಮಡಚಿದರು, ಬಕೆಟ್ ತೆಗೆದುಕೊಂಡು ತೊಟ್ಟಿಯ ಕಡೆ ಹೋದರು.

ನಾಲ್ಕು ಬಕೆಟ್ ತಂದರು. ಮೊದಲ ಬಕೆಟ್ಟಿನಲ್ಲಿ ಅರ್ಧ ಅವರ ಮೈಮೇಲೇ ಬಿತ್ತು, ನೀರು ಹೊತ್ತು ಅಭ್ಯಾಸವಿಲ್ಲ ಪಾಪ. ಕೆಂಪಯ್ಯ ಬಿಡಿಸಿದ ಕೊಳವೆ ಆ ನೀರನ್ನೆಲ್ಲ ಗಟಗಟ ಕುಡಿಯಿತು. ಮೂರನೆಯ ಬಕೆಟ್ಟಿನ ಹೊತ್ತಿಗೆ ಅವರೂ ಕೆಳಗೆ ಬಗ್ಗಿ, "ಇನ್ನೂ ಬೇಕಾ?" ಎಂದು ಕೇಳಿದರು. "ಇನ್ನೊಂದು ಬೇಕು ಸಾರ್" ಎಂದರು ಉಗ್ರಪ್ಪನವರು. ನಾಲ್ಕನೆಯದನ್ನೂ ತಂದರು.

ನಾನು ಬೇಗ ಬೇಗ ಹೋಗಿ ಕಾಲು ತೊಳೆದುಕೊಂಡು ಒಳಗೆ ಸೇರಿದೆ. ಮ್ಯಾನೇಜರ್ ಬರುತ್ತಿರುವುದು ಕಂಡಿತು. ಕಾಲುಚೀಲ ಕೆಸರಿನಲ್ಲಿ ಮುಳುಗಿ ಎದ್ದಿದೆ, ಮಡಚಿದ ಪ್ಯಾಂಟಿನವರೆಗೂ ಕೆಮ್ಮಣ್ಣು, ಅವಸರದಲ್ಲಿ ತೊಳೆದಿಲ್ಲ. ಬಾಗಿಲ ಹತ್ತಿರ ಬಂದು ನಿಂತರು. ಒಳಗೆ ಆ ನುಣ್ಣನೆಯ ನೆಲ.

ನಾನು ಹಳೇ ಪೇಪರಿನ ಕಟ್ಟು ತೆಗೆದು ಒಂದೊಂದೇ ಹಾಳೆ ಹಾಸಿದೆ, ಬಾಗಿಲಿನಿಂದ ಅವರ ಮೇಜಿನವರೆಗೆ.

"ಪೇಪರ್ ಹಾಸಿದೀನಿ ಸಾರ್. ಅದರ ಮೇಲೆ ಬನ್ನಿ."

ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದು ಮಾತು ಇಷ್ಟು ಮರ್ಯಾದೆಯಾಗಿ ಹೊರಗೆ ಬಂದೀತು ಎಂದು ನಾನು ಎಣಿಸಿರಲಿಲ್ಲ. ಶಂಭುಲಿಂಗಪ್ಪ ತಲೆ ತಗ್ಗಿಸಿ, ಒಂದೊಂದೇ ಹಾಳೆಯ ಮೇಲೆ ಎಚ್ಚರದಿಂದ ಹೆಜ್ಜೆಯಿಟ್ಟು ನಡೆದರು. ಹಿಂದೆ ಉಗ್ರಪ್ಪನವರು ಕಾಲು ತೊಳೆದುಕೊಂಡು, ಚೊಕ್ಕಟ ಕಾಲಲ್ಲಿ ನೆಲದ ಮೇಲೆ ಬಂದರು.

ಅರ್ಧ ಗಂಟೆಯಲ್ಲಿ ಪರದೆಗಳು ಶುದ್ಧವಾದವು. ಸ್ಟಾಕಿನ ಪಟ್ಟಿ ಐದಕ್ಕೆ ಹತ್ತು ನಿಮಿಷವಿರುವಾಗ ಎಂ.ಡಿ.ಯ ಮೇಜಿಗೆ ಹೋಯಿತು. ಅದನ್ನು ಓಡಿಸಿದವರು ಉಗ್ರಪ್ಪನವರೇ. ಕೀಬೋರ್ಡ್ ಮುಟ್ಟಬೇಡ ಎಂದು ಆಗ ಯಾರೂ ಹೇಳಲಿಲ್ಲ.

ಮೂವತ್ತನೆಯ ತಾರೀಖು ಶಂಭುಲಿಂಗಪ್ಪ ರಿಪೋರ್ಟ್ ಬರೆದು ನನಗೇ ಟೈಪ್ ಮಾಡಲು ಕೊಟ್ಟರು. ನಾಲ್ಕೇ ಸಾಲು. ಅದರಲ್ಲಿ ಕೇಬಲ್ ಎಂಬ ಪದ ಇರಲಿಲ್ಲ, ಗುಂಡಿ ಎಂಬ ಪದವೂ ಇರಲಿಲ್ಲ. ತಪ್ಪನ್ನು ಪ್ರೋಗ್ರಾಮ್ ಬರೆದು ಪತ್ತೆಹಚ್ಚಿದ್ದಾರೆ, ಹುದ್ದೆಯನ್ನು ಖಾಯಂ ಮಾಡಬಹುದು ಎಂದಿತ್ತು. ಅವರು ಕೆಟ್ಟವರಲ್ಲ ಎಂದು ಮೊದಲೇ ಹೇಳಿದೆನಲ್ಲ. ಸಂಜೆ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತ, "ಉಗ್ರಪ್ಪನವರೇ, ನಾಳೆ ಮೇ ಒಂದು, ರಜೆ. ಶನಿವಾರ ಬೇಗ ಬರ್ರಿ, ಸ್ಟೋರ್ಸಿಂದು ಹೊಸ ಕೆಲಸ ಐತಿ" ಎಂದರು. ಉಗ್ರಪ್ಪನವರು ಹೂಂ ಎಂದು ಆ ಕಡೆ ಮುಖ ತಿರುಗಿಸಿದರು. ಕಣ್ಣೊರೆಸಿಕೊಂಡದ್ದು ನನಗೆ ಕಾಣಬಾರದು ಎಂದು. ಕಂಡಿತು.

ಶನಿವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರ ಸೈಕಲ್ ಹಿಂದುಗಡೆ ನಿಂತಿತ್ತು. ಏನೆಂದು ನೋಡಲು ಹೋದೆ. ಗುಂಡಿಯಿಂದ ಮೂರು ಅಡಿ ಆಚೆ ತುಳಸಿಗೆಂದೇ ಬೇರೆ ಕಟ್ಟೆ ಎದ್ದಿತ್ತು, ಸುಣ್ಣ ಇನ್ನೂ ಹಸಿ. ಉಗ್ರಪ್ಪನವರು ಅಂಗಿಯ ತೋಳು ಮಡಚಿ, ತೊಟ್ಟಿಯಿಂದ ಬಕೆಟ್ ಹೊತ್ತು ತರುತ್ತಿದ್ದರು.

"ಕೊಡಪ್ಪ ಇಲ್ಲಿ, ನಾನು ಹುಯ್ತೀನಿ. ಅವತ್ತು ಮುಟ್ಟಲ್ಲ ಅಂದೆಯಲ್ಲ" ಎಂದ ಕೆಂಪಯ್ಯ.

"ಅವತ್ತು ಅವರ ಮಷೀನಾಗಿತ್ತು ಕೆಂಪಯ್ಯಣ್ಣ. ಈಗ ಅದು ನಂದು" ಎಂದು ಉಗ್ರಪ್ಪನವರು ಬಕೆಟ್ ಕೆಳಗಿಟ್ಟರು. "ಬನ್ನಿ ಇಲ್ಲಿ, ಕೂತ್ಕೊಳ್ಳಿ. ಈ ನೀರು ಯಾಕೆ ಹುಯ್ಯಬೇಕು ಅಂತ ಮೊದಲು ಹೇಳ್ತೀನಿ."

ಕೆಂಪಯ್ಯ ಟವೆಲ್ ಹಾಸಿಕೊಂಡು ಕಟ್ಟೆಯ ಪಕ್ಕ ಕೂತ. ಉಗ್ರಪ್ಪನವರೂ ಕೂತು, ಒಂದು ಕಡ್ಡಿ ತೆಗೆದುಕೊಂಡು ಕೆಮ್ಮಣ್ಣಿನ ಮೇಲೆ ಗೆರೆ ಎಳೆಯಲು ಶುರುಮಾಡಿದರು.